ಮಘೆ ಮಳೆಯ ಲೆಕ್ಕ

ಕರ್ನಾಟಕದ ರೈತರಿಗೆ ಜೂನ್, ಜುಲೈಗಿಂತ ಮೃಗಶಿರಾ, ಆರಿದ್ರಾಗಳೇ ಹತ್ತಿರ. ಸೂರ್ಯ ಒಂದೊಂದು ನಕ್ಷತ್ರದಲ್ಲಿ 13–14 ದಿನ ಇರುತ್ತಾನೆ. ಆ ದಿನಗಳಲ್ಲಿ ಬಿದ್ದದ್ದು ಆ ನಕ್ಷತ್ರದ ಮಳೆ. ಮೇ 25ರ ಸುಮಾರಿಗೆ ರೋಹಿಣಿ ಹುಟ್ಟುತ್ತದೆ, ಜೂನ್ 8ರ ಹೊತ್ತಿಗೆ ಮೃಗಶಿರಾ, ಆಗಸ್ಟ್ 17ರ ಆಸುಪಾಸಿನಲ್ಲಿ ಮಘೆ. ರೋಹಿಣಿ ಮಳೆಯಾದರೆ ಓಣಿಯೆಲ್ಲ ಜೋಳ, ಮಘೆ ಮಳೆ ಬಂದಷ್ಟೂ ಮನೆಮಗ ಉಂಡಷ್ಟೂ ಒಳ್ಳೆಯದು ಎಂಬ ಗಾದೆಗಳು ತಲೆಮಾರುಗಳ ಅನುಭವವನ್ನು ಹೊತ್ತು ತಂದವು.

ಮಳೆ ಕೈಕೊಟ್ಟಾಗ ಕಾರಣವನ್ನೂ ಇದೇ ಲೋಕದೊಳಗೆ ಹುಡುಕಿದರು. ಯುಗಾದಿಯಂದು ಪಂಚಾಂಗ ಓದಿಸಿ ಆ ವರ್ಷದ ಮೇಘಾಧಿಪತಿ ಯಾರೆಂದು ಕೇಳಿದವರು, ಆಕಾಶ ಮುನಿದರೆ ಕಪ್ಪೆಗಳ ಮದುವೆ ಮಾಡಿದರು. ಉತ್ತರ ಕರ್ನಾಟಕದಲ್ಲಿ ಮಳೆ ಬೇಡುತ್ತ ಗುರ್ಜಿಯ ಮೂರ್ತಿ ಹೊತ್ತು ಮನೆಮನೆ ತಿರುಗಿದರು. ಮಳೆ ದೈವಾಧೀನ ಎಂಬ ಭಾವ ಹೀಗೆ ಆಳಕ್ಕೆ ಇಳಿಯಿತು.

1870ರ ದಶಕದ ಧಾತು ಸಂವತ್ಸರದ ಬರ ಈ ಭಾವವನ್ನು ಒರೆಗೆ ಹಚ್ಚಿತು. 1871ರಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರ ಗಣತಿಯಲ್ಲಿ ಸುಮಾರು 42 ಲಕ್ಷಕ್ಕೆ ಕುಸಿದಿತ್ತು. ಮುಂಗಾರನ್ನು ಮೊದಲೇ ಅಂದಾಜು ಮಾಡುವ ಒತ್ತಡ ಬ್ರಿಟಿಷ್ ಸರ್ಕಾರದ ಮೇಲೆ ಬಿತ್ತು. 1875ರಲ್ಲಿ ಹುಟ್ಟಿದ್ದ ಹವಾಮಾನ ಇಲಾಖೆಯ ಹೆನ್ರಿ ಬ್ಲಾನ್‌ಫರ್ಡ್, ಹಿಮಾಲಯದ ಹಿಮದ ಪ್ರಮಾಣ ನೋಡಿ 1886ರಲ್ಲಿ ಮುನ್ಸೂಚನೆ ಕೊಟ್ಟರು. ಹಳ್ಳಿಗೆ ಅಂದಿನಿಂದ ಎರಡು ಲೆಕ್ಕ: ಪಂಚಾಂಗದ್ದೊಂದು, ಇಲಾಖೆಯದೊಂದು.

ಎರಡೂ ಒಂದನ್ನೊಂದು ಮಾತಾಡಿಸಲಿಲ್ಲ.

ಹವಾಮಾನ ಬದಲಾವಣೆಯ ಸುದ್ದಿ ಬಂದದ್ದು ಎರಡನೆಯ ಲೆಕ್ಕದ ಭಾಷೆಯಲ್ಲಿ: ಭೂಮಿಯ ಸರಾಸರಿ ಉಷ್ಣತೆ, ಇಂಗಾಲದ ಪ್ರಮಾಣ. ಹೊಲದಲ್ಲಿ ನಿಂತವರಿಗೆ ಸರಾಸರಿ ಕಾಣುವುದಿಲ್ಲ. ಬಿತ್ತನೆಗೆ ಬಾರದ ಮಳೆ, ಕೊಯ್ಲಿನಲ್ಲಿ ಸುರಿದ ಮಳೆ ಕಾಣುತ್ತದೆ. 2018ರ ಆಗಸ್ಟ್‌ನಲ್ಲಿ ಆಶ್ಲೇಷ ಮುಗಿದು ಮಘೆ ಹುಟ್ಟುವ ಹೊತ್ತಿಗೆ ಕೊಡಗಿನ ಗುಡ್ಡಗಳು ಕುಸಿದವು. ಅದೇ ವರ್ಷ ಬಯಲುಸೀಮೆಯ ಹಲವು ತಾಲ್ಲೂಕುಗಳು ಬರಪೀಡಿತವೆಂದು ಘೋಷಣೆಯಾದವು. ಬಂದಷ್ಟೂ ಒಳ್ಳೆಯದೆಂದು ಹಾರೈಸಿದ ಮಳೆಯೇ ಮನೆಗಳನ್ನು ಕೊಚ್ಚಿಕೊಂಡು ಹೋಯಿತು. ಗುಡ್ಡ ಕುಸಿಯಲು ಮಳೆಯ ಜೊತೆ ಇಳಿಜಾರುಗಳನ್ನು ಕಡಿದು ಕಟ್ಟಿದ್ದೂ ಕಾರಣವೆಂಬ ಚರ್ಚೆ ಅಲ್ಲಿ ಜೋರಾಗಿಯೇ ನಡೆಯಿತು. ದೈವದ ಜಾಗಕ್ಕೆ ಮನುಷ್ಯನ ಹೊಣೆ ಬಂದದ್ದು ಹೀಗೆ, ಕಣ್ಣೆದುರಿನ ಮಣ್ಣಿನ ಮೂಲಕ.

1988ರಲ್ಲಿ ಬರ ನಿಗಾ ಘಟಕವಾಗಿ ಆರಂಭವಾದ ರಾಜ್ಯದ ವಿಪತ್ತು ಉಸ್ತುವಾರಿ ಕೇಂದ್ರ ಈಗ ಗ್ರಾಮ ಪಂಚಾಯಿತಿ ಮಟ್ಟದಲ್ಲೂ ಮಳೆ ಅಳೆಯುತ್ತದೆ. ಆ ಅಂಕಿಗಳನ್ನು ತಿಂಗಳ ಜೊತೆಗೆ ನಕ್ಷತ್ರದ ಲೆಕ್ಕದಲ್ಲೂ ಊರಿನ ಕಟ್ಟೆಯಲ್ಲಿ ಬರೆದು ಹಾಕಬೇಕು. ಮೂವತ್ತು ವರ್ಷಗಳ ಮಘೆಯನ್ನು ಸಾಲಾಗಿ ನೋಡಿದ ರೈತರು, ಏನು ಬದಲಾಗಿದೆ ಎಂಬುದನ್ನು ತಾವೇ ಹೇಳಬಲ್ಲರು.