ಲಿಥಿಯಂ ಔಷಧ ಮತ್ತು ವಂಶವಾಹಿಗಳು: ನಿಮ್ಹಾನ್ಸ್‌ನ ಒಂದು ಅಧ್ಯಯನ

ಉನ್ಮಾದ ಹಾಗೂ ಖಿನ್ನತೆಗಳು ಮರುಕಳಿಸುವ ಬೈಪೋಲಾರ್ ಕಾಯಿಲೆಗೆ ಲಿಥಿಯಂ ಹಳೆಯ ಔಷಧವಾಗಿರುತ್ತದೆ. ಉನ್ಮಾದದಲ್ಲಿ ಇದರ ಉಪಯೋಗವನ್ನು ಆಸ್ಟ್ರೇಲಿಯಾದ ವೈದ್ಯ ಜಾನ್ ಕೇಡ್ ಅವರು 1949ರಲ್ಲಿ ವರದಿ ಮಾಡಿದರು. ಆದರೆ ಈ ಔಷಧವು ಕೆಲವರಿಗೆ ಉತ್ತಮ ಫಲ ನೀಡಿದರೆ, ಕೆಲವರಿಗೆ ನೀಡುವುದಿಲ್ಲ. ಫಲ ದೊರೆಯುವುದೇ ಎಂಬುದನ್ನು ತಿಂಗಳುಗಟ್ಟಲೆ ಸೇವಿಸಿಯೇ ತಿಳಿಯಬೇಕಾಗಿದೆ. ರಕ್ತದಲ್ಲಿ ಇದರ ಪ್ರಮಾಣ ಮಿತಿಮೀರಿದರೆ ವಿಷವಾಗುವುದರಿಂದ ಆಗಿಂದಾಗ್ಗೆ ರಕ್ತ ಪರೀಕ್ಷೆಯೂ ಅಗತ್ಯ. ಮಾಗಡಿ ತಾಲ್ಲೂಕಿನ ಕಲ್ಯದಂತಹ ಗ್ರಾಮದ ಕೂಲಿ ಕುಟುಂಬಕ್ಕೆ ಬೆಂಗಳೂರಿನ ಪ್ರತಿಯೊಂದು ಭೇಟಿಯೂ ಒಂದು ದಿನದ ದುಡಿಮೆಯ ನಷ್ಟವೇ ಸರಿ.

ಜೀವಕೋಶದಲ್ಲಿರುವ ವಂಶವಾಹಿಗಳೆಲ್ಲವೂ ಏಕಕಾಲಕ್ಕೆ ಕಾರ್ಯನಿರತವಾಗಿರುವುದಿಲ್ಲ. ಕಾರ್ಯನಿರತವಾದ ವಂಶವಾಹಿಯ ನಕಲು ಆರ್.ಎನ್.ಎ. ರೂಪದಲ್ಲಿ ತಯಾರಾಗುತ್ತದೆ. ಈ ನಕಲುಗಳನ್ನು ಯಂತ್ರದಿಂದ ಓದಿಸಿ, ಯಾವ ವಂಶವಾಹಿಯಿಂದ ಎಷ್ಟು ಎಂದು ಎಣಿಸುವ ವಿಧಾನಕ್ಕೆ ಆರ್.ಎನ್.ಎ. ಸೀಕ್ವೆನ್ಸಿಂಗ್ ಎಂದು ಹೆಸರು. 2008ರ ಸುಮಾರಿಗೆ ಇದು ಬಳಕೆಗೆ ಬಂದಿತು. ಔಷಧ ಬೆರೆಸಿದ ಹಾಗೂ ಬೆರೆಸದ ಜೀವಕೋಶಗಳ ಎಣಿಕೆಯನ್ನು ಲೆಕ್ಕಪುಸ್ತಕಗಳಂತೆ ತಾಳೆ ನೋಡಲಾಗುತ್ತದೆ. ಎರಡೂ ಮಾದರಿಗಳು ಒಬ್ಬನೇ ವ್ಯಕ್ತಿಯವಾಗಿದ್ದಲ್ಲಿ, ಕಂಡುಬಂದ ವ್ಯತ್ಯಾಸವನ್ನು ಔಷಧದ ಖಾತೆಗೆ ಬರೆಯುವುದು ಸುಲಭ.

ಬೆಂಗಳೂರಿನ ನಿಮ್ಹಾನ್ಸ್‌ನ ಸಂಶೋಧಕರು ಸಹೋದ್ಯೋಗಿಗಳೊಡನೆ ನಡೆಸಿ, 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಈ ವಿಧಾನವನ್ನು ಲಿಥಿಯಂಗೆ ಅನ್ವಯಿಸಲಾಯಿತು. ರಕ್ತಸಂಬಂಧಿಗಳಾದ ಇಬ್ಬರು ರೋಗಿಗಳನ್ನು ಆರಿಸಲಾಗಿತ್ತು. ಲಿಥಿಯಂಗೆ ಇಬ್ಬರ ಸ್ಪಂದನೆ ಬೇರೆ ಬೇರೆಯಾಗಿತ್ತು. ಬದುಕಿರುವವರ ಮಿದುಳಿನಿಂದ ಮಾದರಿ ತೆಗೆಯುವುದು ಸುಲಭಸಾಧ್ಯವಲ್ಲವಾದ್ದರಿಂದ, ಅವರ ಜೀವಕೋಶಗಳಿಂದಲೇ ನರಕೋಶಗಳ ಪೂರ್ವರೂಪವನ್ನು ಪ್ರಯೋಗಾಲಯದಲ್ಲಿ ಬೆಳೆಸಿ, ಆರೋಗ್ಯವಂತರ ಕೋಶಗಳೊಡನೆ ಹೋಲಿಸಲಾಯಿತು. ಇದಲ್ಲದೆ 25 ರೋಗಿಗಳ (ಲಿಥಿಯಂ ಫಲಿಸಿದ 16, ಫಲಿಸದ 9) ಹಾಗೂ 12 ಆರೋಗ್ಯವಂತರ ರಕ್ತಮೂಲದ ಕೋಶಗಳನ್ನೂ ಪರೀಕ್ಷಿಸಲಾಯಿತು. ರೋಗಿಗಳ ಕೋಶಗಳು ಹೆಚ್ಚು ಸಾಯುತ್ತಿದ್ದವು. ಲಿಥಿಯಂ ಬೆರೆಸಿದಾಗ, ಯಾರಿಗೆ ಔಷಧವು ಫಲಿಸಿತ್ತೋ ಅವರ ರಕ್ತಮೂಲದ ಕೋಶಗಳು ಉಳಿದುಕೊಂಡವು. ಕೋಶಗಳ ಸಾವನ್ನು ತಡೆಯುವ ಬಿಸಿಎಲ್2 ವಂಶವಾಹಿಯ ಅಭಿವ್ಯಕ್ತಿಯೂ ಅವುಗಳಲ್ಲಿ ಹೆಚ್ಚಿತು. ಗಮನಾರ್ಹ ಅಂಶವೆಂದರೆ, ರೋಗಿಗಳ ಕೋಶಗಳಲ್ಲಿ ಕಂಡುಬಂದ ಮೈಟೊಕಾಂಡ್ರಿಯಾದ ನ್ಯೂನತೆಯೂ ರಕ್ತಮೂಲದ ಕೋಶಗಳಲ್ಲಿ ಲಿಥಿಯಂನಿಂದ ಸರಿಹೋಯಿತಾದರೂ, ಅದಕ್ಕೂ ರೋಗಿಗೆ ಔಷಧ ಫಲಿಸಿದ್ದಕ್ಕೂ ಸಂಬಂಧ ಕಾಣಲಿಲ್ಲ. ಅಂದರೆ ಔಷಧವು ತರುವ ಬದಲಾವಣೆಗಳೆಲ್ಲವೂ ಗುಣಕ್ಕೆ ಕಾರಣವೆಂದು ಎಣಿಸುವಂತಿಲ್ಲ.

ಇಷ್ಟು ಅಲ್ಪ ಸಂಖ್ಯೆಯ ಮಾದರಿಗಳಿಂದ ಆಸ್ಪತ್ರೆಯಲ್ಲಿ ಬಳಸಬಹುದಾದ ಪರೀಕ್ಷೆಯನ್ನು ರೂಪಿಸಲಾಗದು. ಆದುದರಿಂದ ಲಿಥಿಯಂ ಸೇವಿಸುತ್ತಿರುವವರು ವೈದ್ಯರ ಸಲಹೆಯಿಲ್ಲದೆ ಔಷಧವನ್ನು ನಿಲ್ಲಿಸತಕ್ಕದ್ದಲ್ಲ ಹಾಗೂ ನಿಗದಿತ ರಕ್ತ ಪರೀಕ್ಷೆಯನ್ನು ತಪ್ಪಿಸತಕ್ಕದ್ದಲ್ಲ. ವಾಂತಿ, ಭೇದಿ, ಕೈನಡುಕ ಅಥವಾ ತೊದಲು ಕಂಡುಬಂದಲ್ಲಿ ಕೂಡಲೇ ವೈದ್ಯರನ್ನು ಕಾಣುವುದು. ಮಾನಸಿಕ ಆರೋಗ್ಯ ಸಂಬಂಧಿತ ಸಲಹೆಗೆ ಟೆಲಿ ಮಾನಸ್ ಸಹಾಯವಾಣಿ 14416 ಅನ್ನು ಸಂಪರ್ಕಿಸಬಹುದಾಗಿದೆ.