ಉಮರ್ ಖಯ್ಯಾಮ್: ಮರಣಾನಂತರ ಅಂಟಿದ ಕಳಂಕ

ಉಮರ್ ಖಯ್ಯಾಮ್ ಎಂದರೆ ಮಧುಪಾತ್ರೆ ಹಿಡಿದ ವಿಲಾಸಿ ಕವಿ ಎಂಬ ಚಿತ್ರ ಹಲವರ ಮನಸ್ಸಿನಲ್ಲಿದೆ. ಮದ್ಯದ ಬಾಟಲಿಗಳ ಮೇಲೂ ಅವರ ಹೆಸರು ಅಚ್ಚಾಗಿದೆ. ಆದರೆ ಅವರನ್ನು ಕಣ್ಣಾರೆ ಕಂಡವರು ಏನು ಬರೆದಿದ್ದಾರೆ?

ಖಯ್ಯಾಮ್ 1048ರಲ್ಲಿ ಖುರಾಸಾನಿನ ನಿಶಾಪುರದಲ್ಲಿ ಹುಟ್ಟಿ, 1131ರಲ್ಲಿ ಅಲ್ಲಿಯೇ ತೀರಿಕೊಂಡರು. ಬೀಜಗಣಿತದಲ್ಲಿ ಘನ ಸಮೀಕರಣಗಳನ್ನು ರೇಖಾಗಣಿತದ ಮೂಲಕ ಬಿಡಿಸಿದ ಗ್ರಂಥ ಅವರದು. ಸುಲ್ತಾನ್ ಮಲಿಕ್ ಶಾಹನ ಕಾಲದಲ್ಲಿ, 1079ರಲ್ಲಿ ಜಾರಿಗೆ ಬಂದ ಜಲಾಲಿ ಪಂಚಾಂಗವನ್ನು ರೂಪಿಸಿದ ವಿದ್ವಾಂಸರಲ್ಲಿ ಅವರೂ ಒಬ್ಬರು.

ಅವರನ್ನು ಭೇಟಿಯಾಗಿದ್ದ ನಿಝಾಮಿ ಅರೂಝಿ ತನ್ನ ‘ಚಹಾರ್ ಮಖಾಲ’ ಗ್ರಂಥದಲ್ಲಿ ಕವಿಗಳಿಗೆಂದೇ ಒಂದು ಅಧ್ಯಾಯ ಬರೆದರು. ಖಯ್ಯಾಮರ ಪ್ರಸ್ತಾಪ ಬರುವುದು ಅದರಲ್ಲಲ್ಲ, ಖಗೋಳ ಜ್ಯೋತಿಷಿಗಳ ಅಧ್ಯಾಯದಲ್ಲಿ. ಬಾಲ್ಯದಲ್ಲಿ ಅವರನ್ನು ಕಂಡಿದ್ದ ಝಹೀರುದ್ದೀನ್ ಬೈಹಕಿ ಹೊಗಳುಭಟರಲ್ಲ. ಖಯ್ಯಾಮರು ಮುಂಗೋಪಿ, ಪಾಠ ಹೇಳುವುದರಲ್ಲಿ ಜಿಪುಣ ಎಂದೂ ಬರೆದವರು. ಖಯ್ಯಾಮರ ಕೊನೆಯ ದಿನವನ್ನು ಅಳಿಯನಿಂದ ಕೇಳಿ ದಾಖಲಿಸಿದವರೂ ಅವರೇ. ಇಬ್ನ್ ಸೀನಾರ ‘ಶಿಫಾ’ ಓದುತ್ತಿದ್ದ ಖಯ್ಯಾಮ್ ಪುಸ್ತಕ ಮುಚ್ಚಿಟ್ಟು ನಮಾಝ್ ನಿರ್ವಹಿಸಿದರು. ಬಳಿಕ ಏನನ್ನೂ ತಿನ್ನಲಿಲ್ಲ, ಕುಡಿಯಲಿಲ್ಲ. ಇಶಾ ನಮಾಝಿನ ನಂತರ ಸುಜೂದಿನಲ್ಲಿ ಅಲ್ಲಾಹನ ಕ್ಷಮೆ ಬೇಡಿ ಕಣ್ಮುಚ್ಚಿದರು.

ಹಾಗಾದರೆ ಕಳಂಕ ಬಂದದ್ದೆಲ್ಲಿಂದ? ಅವರು ತೀರಿಕೊಂಡು 90 ವರ್ಷ ಕಳೆದ ಮೇಲೆ, 1223ರಲ್ಲಿ ಸೂಫಿ ಲೇಖಕ ನಜ್ಮುದ್ದೀನ್ ರಾಝಿ ಎರಡು ರುಬಾಯಿಗಳನ್ನು ಮುಂದಿಟ್ಟು ಅವರನ್ನು ದಾರಿ ತಪ್ಪಿದವರೆಂದರು. ಅನಂತರ ಅವರ ಹೆಸರಿನ ರುಬಾಯಿಗಳು ಬೆಳೆಯುತ್ತಲೇ ಹೋದವು. 1859ರಲ್ಲಿ ಫಿಟ್ಸ್‌ಜೆರಾಲ್ಡ್ ಅವುಗಳನ್ನು ಇಂಗ್ಲಿಷಿಗೆ ಸ್ವತಂತ್ರವಾಗಿ ತಂದರು. ಅವರು ಮುಖ್ಯವಾಗಿ ಆಧರಿಸಿದ್ದ ಹಸ್ತಪ್ರತಿ ಬರೆದದ್ದು 1460ರ ಸುಮಾರಿಗೆ, ಅಂದರೆ ಕವಿ ಸತ್ತು 300ಕ್ಕೂ ಹೆಚ್ಚು ವರ್ಷಗಳ ಬಳಿಕ. ಕನ್ನಡದಲ್ಲಿ ಡಿ.ವಿ.ಜಿ.ಯವರ ‘ಉಮರನ ಒಸಗೆ’ ಮೂಡಿದ್ದೂ ಈ ಇಂಗ್ಲಿಷಿನಿಂದಲೇ. 1897ರಲ್ಲಿ ರಷ್ಯದ ವಿದ್ವಾಂಸ ಝುಕೋವ್‌ಸ್ಕಿ, ಖಯ್ಯಾಮರದೆನ್ನಲಾದ 82 ರುಬಾಯಿಗಳು ಬೇರೆ ಕವಿಗಳ ಹೆಸರಿನಲ್ಲೂ ಇರುವುದನ್ನು ತೋರಿಸಿದರು.

ಕೆಲವು ರುಬಾಯಿಗಳು ಅವರವೇ ಇರಬಹುದು. ಅವುಗಳಲ್ಲಿ ಸಾವಿನ ಎದುರು ಮನುಷ್ಯನಿಗೆ ಹುಟ್ಟುವ ಪ್ರಶ್ನೆಗಳೂ ಇರಬಹುದು. ಆದರೆ ಯಾರೋ ಬರೆದ ಸಾಲನ್ನು ಹಿಡಿದು ಒಬ್ಬರ ಈಮಾನನ್ನು ಅಳೆಯುವುದು ನ್ಯಾಯವಲ್ಲ. ಸುದ್ದಿಯನ್ನು ಪರಿಶೀಲಿಸದೆ ನಂಬಬೇಡಿರೆಂದು ಸೂರಃ ಅಲ್‌ಹುಜುರಾತ್ ಕಲಿಸುತ್ತದೆ. ಮೃತರನ್ನು ದೂಷಿಸಬೇಡಿರೆಂಬುದು ಪ್ರವಾದಿ(ಸ)ರ ಉಪದೇಶ. ಬದುಕಿರುವವರು ಆರೋಪಕ್ಕೆ ಉತ್ತರಿಸಬಲ್ಲರು, ಗೋರಿಯಲ್ಲಿರುವವರ ಪರವಾಗಿ ಸಾಕ್ಷ್ಯ ಹುಡುಕಬೇಕಾದವರು ನಾವೇ.