ಹಿಂದಿನ ಸಾಲಿನಿಂದ ಆಟ ಕಟ್ಟಿದ ಮೊರ್ಟೆನ್ ಓಲ್ಸೆನ್

ಡೆನ್ಮಾರ್ಕ್‌ನ ಫುಟ್‌ಬಾಲ್ ಆಟಗಾರ ಮೊರ್ಟೆನ್ ಓಲ್ಸೆನ್ 1949ರ ಆಗಸ್ಟ್ 14ರಂದು ವೋರ್ಡಿಂಗ್‌ಬೋರ್ಗ್‌ನಲ್ಲಿ ಹುಟ್ಟಿದರು. ಕೋಪನ್‌ಹೇಗನ್ ಇರುವ ದೊಡ್ಡ ದ್ವೀಪದ ದಕ್ಷಿಣ ಅಂಚಿನಲ್ಲಿರುವ ಸಣ್ಣ ಪಟ್ಟಣ ಅದು. ಊರಿನ ಕ್ಲಬ್‌ನಲ್ಲೇ ಆಟ ಕಲಿತ ಅವರು ನೆರೆಯ ಫಾಲ್‌ಸ್ಟರ್ ದ್ವೀಪದ ಬಿ 1901 ಕ್ಲಬ್ ಸೇರಿ, 1970ರಲ್ಲಿ ರಾಷ್ಟ್ರೀಯ ತಂಡಕ್ಕೆ ಆಯ್ಕೆಯಾದರು. 1972ರಲ್ಲಿ ಬೆಲ್ಜಿಯಂಗೆ ಹೋದರು. ಅಲ್ಲಿಂದ 1989ರಲ್ಲಿ ಆಟ ನಿಲ್ಲಿಸುವವರೆಗೆ, ಹದಿನೇಳು ವರ್ಷ ಅವರು ಆಡಿದ ಕ್ಲಬ್‌ಗಳೆಲ್ಲ ಹೊರದೇಶದವು. ಅಷ್ಟು ಕಾಲ ಹೊರಗಿದ್ದೂ ಡೆನ್ಮಾರ್ಕ್ ಪರ 102 ಪಂದ್ಯ ಆಡಲು ಅವರಿಗೆ ಸಾಧ್ಯವಾಯಿತು. ಹಿಂದಿನ ತಲೆಮಾರಿನ ಡೇನಿಷ್ ಆಟಗಾರನಿಗೆ ಈ ಎರಡೂ ಒಟ್ಟಿಗೆ ದಕ್ಕುತ್ತಿರಲಿಲ್ಲ. ಹೊರದೇಶದಲ್ಲಿ ಹಣಕ್ಕೆ ಆಡಲು ಹೊರಟವನ ಪಾಲಿಗೆ ದೇಶದ ತಂಡದ ಬಾಗಿಲು ಮುಚ್ಚುತ್ತಿತ್ತು.

ಡೇನಿಷ್ ಫುಟ್‌ಬಾಲ್ ಸಂಘ 1889ರಲ್ಲಿ ಹುಟ್ಟಿತು. ಬ್ರಿಟನ್ನಿನ ಸಂಘಗಳನ್ನು ಬಿಟ್ಟರೆ ಅಷ್ಟು ಹಳೆಯದು ಯುರೋಪಿನಲ್ಲಿ ಅಪರೂಪ. 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಡೆನ್ಮಾರ್ಕ್ ಫ್ರಾನ್ಸನ್ನು 17–1ರಿಂದ ಸೋಲಿಸಿತು. ಹತ್ತು ಗೋಲುಗಳನ್ನು ಸೋಫುಸ್ ನೀಲ್ಸೆನ್ ಒಬ್ಬರೇ ಹೊಡೆದರು. ಆ ವರ್ಷವೂ 1912ರಲ್ಲೂ ತಂಡಕ್ಕೆ ಬೆಳ್ಳಿ ಸಿಕ್ಕಿತು. ಆ ಕಾಲದ ಆಟಗಾರರು ಯಾವ ವರ್ಗದವರು ಎಂಬುದಕ್ಕೆ 1908ರ ತಂಡದ ಹ್ಯಾರಾಲ್ಡ್ ಬೋರ್ ಸಾಕ್ಷಿ. ಅವರು ಗಣಿತಜ್ಞ. ಅವರ ಅಣ್ಣ, ಭೌತವಿಜ್ಞಾನಿ ನೀಲ್ಸ್ ಬೋರ್ ಕೂಡ ಕೋಪನ್‌ಹೇಗನ್‌ನ ಎಬಿ ಕ್ಲಬ್‌ನಲ್ಲಿ ಗೋಲ್‌ಕೀಪರ್ ಆಗಿದ್ದರು. ಹೊಟ್ಟೆಪಾಡಿಗೆ ಬೇರೆ ಕೆಲಸವಿದ್ದವರು ಬಿಡುವಿನಲ್ಲಿ ಆಡುವ ಆಟ ಅದಾಗಿತ್ತು. ಹಣ ಬಂದರೆ ಆಟ ಕೆಡುತ್ತದೆ ಎಂಬ ನಂಬಿಕೆಯನ್ನು ಸಂಘ ಅರವತ್ತು ವರ್ಷಕ್ಕೂ ಹೆಚ್ಚು ಕಾಲ ಕಾಪಾಡಿಕೊಂಡು ಬಂತು.

ಆ ನಂಬಿಕೆಗೆ ತಕ್ಕವರಂತೆ ಬಾಳಿದವರು ನೀಲ್ಸ್ ಮಿಡ್ಡೆಲ್ಬೋ. ಒಲಿಂಪಿಕ್ಸ್ ಫುಟ್‌ಬಾಲ್‌ನ ಮೊದಲ ಅಧಿಕೃತ ಗೋಲು ಅವರದು. 1913ರಲ್ಲಿ ಲಂಡನ್ನಿನ ಚೆಲ್ಸಿ ಕ್ಲಬ್ ಸೇರಿದ ಅವರು ಅಲ್ಲಿನ ಮೊದಲ ವಿದೇಶಿ ಆಟಗಾರ. ಇಂಗ್ಲೆಂಡಿನಲ್ಲಿ ಆಗಲೇ ವೃತ್ತಿಪರ ಫುಟ್‌ಬಾಲ್ ಬೇರೂರಿತ್ತು. ಸಂಬಳ ಪಡೆಯುವ ಸಹ ಆಟಗಾರರ ನಡುವೆ ಅವರು ಹವ್ಯಾಸಿಯಾಗಿಯೇ ಉಳಿದು, ಬ್ಯಾಂಕಿನಲ್ಲಿ ದುಡಿಯುತ್ತ ಆಡಿದರು. ಎಲ್ಲರಿಗೂ ಬ್ಯಾಂಕಿನ ಕೆಲಸ ಸಿಗುವುದಿಲ್ಲವಷ್ಟೆ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಡೆನ್ಮಾರ್ಕ್ ಕಂಚು ಗೆದ್ದ ಬೆನ್ನಿಗೇ ಇಟಲಿಯ ಕ್ಲಬ್‌ಗಳು ಹಣದೊಂದಿಗೆ ಬಂದವು. ಜಾನ್ ಹ್ಯಾನ್ಸೆನ್, ಕಾರ್ಲ್ ಓಗೆ ಪ್ರೆಸ್ಟ್ ಯುವೆಂಟಸ್ ಸೇರಿದರು. ಇನ್ನೂ ಕೆಲವರು ಅದೇ ದಾರಿ ಹಿಡಿದರು. ಇಟಲಿಯಲ್ಲಿ ಅವರು ಲೀಗ್ ಪ್ರಶಸ್ತಿ ಗೆಲ್ಲುತ್ತಿದ್ದಾಗ ಡೆನ್ಮಾರ್ಕ್ ತಂಡ ಅವರಿಲ್ಲದೆ ಆಡುತ್ತಿತ್ತು.

ರಕ್ಷಣಾ ಆಟಗಾರರ ಪೈಕಿ ಈ ನಿಯಮದ ಬಿಸಿ ಚೆನ್ನಾಗಿ ತಾಗಿದ್ದು ಕೈ ಯೋಹಾನ್ಸೆನ್ ಅವರಿಗೆ. ಓಡೆನ್ಸೆ ಊರಿನ ಈ ಬಲಬದಿಯ ಬ್ಯಾಕ್ 1963ರಲ್ಲಿ ಸ್ಕಾಟ್ಲೆಂಡಿನ ಮಾರ್ಟನ್ ಕ್ಲಬ್‌ಗೂ 1965ರಲ್ಲಿ ಅಲ್ಲಿಂದ ರೇಂಜರ್ಸ್‌ಗೂ ಹೋದರು. 1966ರ ಸ್ಕಾಟಿಷ್ ಕಪ್ ಫೈನಲ್ ಡ್ರಾ ಆಗಿ ಮರುಪಂದ್ಯ ನಡೆದಾಗ ಸೆಲ್ಟಿಕ್ ವಿರುದ್ಧ ಪಂದ್ಯದ ಏಕೈಕ ಗೋಲನ್ನು ದೂರದಿಂದ ಬಾರಿಸಿ ಗ್ಲಾಸ್ಗೋದ ಅರ್ಧ ಊರಿಗೆ ದೇವರಾದರು. ಆ ಹೊತ್ತಿಗೆ ಡೆನ್ಮಾರ್ಕ್ ತಂಡದಲ್ಲಿ ಅವರಿಗೆ ಜಾಗವಿರಲಿಲ್ಲ; ಹೋಗುವ ಮುನ್ನ ಅವರು ಆ ತಂಡದ ಖಾಯಂ ಆಟಗಾರ.

ನಿಯಮ ಸಡಿಲಿದ್ದು 1971ರಲ್ಲಿ. ಹೊರದೇಶದಲ್ಲಿ ವೃತ್ತಿಪರರಾಗಿ ಆಡುವವರನ್ನೂ ರಾಷ್ಟ್ರೀಯ ತಂಡಕ್ಕೆ ಕರೆಯಬಹುದೆಂದು ಸಂಘ ಒಪ್ಪಿಕೊಂಡಿತು. ಮರುವರ್ಷವೇ ಓಲ್ಸೆನ್ ಬೆಲ್ಜಿಯಂನ ಸೆರ್ಕ್ಲೆ ಬ್ರುಗೆ ಸೇರಿದರು; ಅದೇ ವರ್ಷ ಇನ್ನೊಬ್ಬ ರಕ್ಷಕ ಪೆರ್ ರೋಂಟ್‌ವೆಡ್ ಜರ್ಮನಿಯ ವೆರ್ಡರ್ ಬ್ರೆಮೆನ್‌ಗೆ ಹೋದರು. ಹತ್ತು ವರ್ಷ ಮೊದಲು ಹುಟ್ಟಿದ್ದರೆ ಓಲ್ಸೆನ್ ಅವರ ಹೆಸರು ಯೋಹಾನ್ಸೆನ್ ಅವರ ಹೆಸರಿನಂತೆ ಪರದೇಶದ ಒಂದು ಊರಿಗೆ ಸೀಮಿತವಾಗುತ್ತಿತ್ತು. ಸ್ವದೇಶದ ಲೀಗ್‌ನಲ್ಲಿ ಮಾತ್ರ ಸಂಬಳ ಕೊಡುವಂತಿರಲಿಲ್ಲ. ಅದಕ್ಕೆ 1978ರವರೆಗೆ ಕಾಯಬೇಕಾಯಿತು. ಹೀಗೆ ಎಪ್ಪತ್ತರ ದಶಕದಲ್ಲಿ ಒಳ್ಳೆಯ ಆಟಗಾರನಾಗಬೇಕೆಂದರೆ ಗಡಿ ದಾಟಲೇಬೇಕಿತ್ತು, ಮತ್ತು ಬೆಲ್ಜಿಯಂ, ಹಾಲೆಂಡ್, ಜರ್ಮನಿಯ ಕ್ಲಬ್‌ಗಳು ಡೆನ್ಮಾರ್ಕ್‌ನ ಹುಡುಗರಿಗೆ ಹತ್ತಿರದ ಮೊದಲ ಮೆಟ್ಟಿಲುಗಳಾಗಿದ್ದವು.

ಸೆರ್ಕ್ಲೆಯಲ್ಲಿ ಓಲ್ಸೆನ್ ನಾಲ್ಕು ವರ್ಷ ಇದ್ದರು. ಆಗವರು ಪೂರ್ತಿ ರಕ್ಷಕರಲ್ಲ. ಮಿಡ್‌ಫೀಲ್ಡ್‌ನಲ್ಲೂ ಆಡುತ್ತಿದ್ದರು, ಮುಂದಕ್ಕೂ ನುಗ್ಗುತ್ತಿದ್ದರು. 1976ರಲ್ಲಿ ಬ್ರಸೆಲ್ಸ್‌ನ ಆರ್‌ಡಬ್ಲ್ಯುಡಿ ಮೋಲೆನ್‌ಬೇಕ್ ಸೇರಿದ ಮೊದಲ ಋತುವಿನಲ್ಲೇ ಆ ಕ್ಲಬ್ ಯೂಫಾ ಕಪ್‌ನ ಸೆಮಿಫೈನಲ್ ಮುಟ್ಟಿತು. ಸ್ಪೇನಿನ ಅತ್ಲೆಟಿಕ್ ಬಿಲ್ಬಾವೊ ವಿರುದ್ಧ ಎರಡೂ ಪಂದ್ಯ ಡ್ರಾ ಆದವು. ಎದುರಾಳಿಯ ನೆಲದಲ್ಲಿ ಹೊಡೆದ ಗೋಲಿಗೆ ಹೆಚ್ಚು ಬೆಲೆ ಎಂಬ ಅಂದಿನ ನಿಯಮದಿಂದ ಮೋಲೆನ್‌ಬೇಕ್ ಹೊರಬಿತ್ತು. 1980ರಲ್ಲಿ, ಮೂವತ್ತೊಂದಕ್ಕೆ ಕಾಲಿಡುವ ಹೊತ್ತಿಗೆ, ಅದೇ ಊರಿನ ದೊಡ್ಡ ಕ್ಲಬ್ ಆಂಡರ್ಲೆಕ್ಟ್ ಅವರನ್ನು ಕರೆಸಿಕೊಂಡಿತು. ಮೂವತ್ತು ದಾಟಿದ ಆಟಗಾರನ ಮೇಲೆ ದೊಡ್ಡ ಕ್ಲಬ್ ಹಣ ಹಾಕುವುದು ಆಗಲೂ ಈಗಲೂ ವಿರಳ. ಓಲ್ಸೆನ್ ಅವರ ನಿಜವಾದ ಹೆಸರು ಶುರುವಾಗುವುದೇ ಇಲ್ಲಿಂದ.

ಇದಕ್ಕೆ ಕಾರಣ ಅವರು ನಿಂತ ಜಾಗ. ಅಂದಿನ ತಂಡಗಳು ಒಬ್ಬರಿಗೊಬ್ಬರಂತೆ ಕಾವಲು ಹಾಕುತ್ತಿದ್ದವು: ಎದುರಾಳಿಯ ಇಬ್ಬರು ಮುಂಚೂಣಿ ಆಟಗಾರರಿಗೆ ಇಬ್ಬರು ಸ್ಟಾಪರ್‌ಗಳು ನೆರಳಿನಂತೆ ಅಂಟಿಕೊಳ್ಳುವರು. ಅವರ ಹಿಂದೆ ನಿಲ್ಲುವವನು ಲಿಬೆರೊ. ಅವನಿಗೆ ಯಾರನ್ನೂ ಕಾಯುವ ಹೊಣೆಯಿಲ್ಲ. ಸ್ಟಾಪರ್‌ಗಳನ್ನು ತಪ್ಪಿಸಿ ಬಂದ ಚೆಂಡನ್ನು ಗುಡಿಸಿ ಹಾಕುವುದು ಅವನ ಕೆಲಸ. ಇಟಲಿಯಲ್ಲಿ ಇದು ಬಹುಮಟ್ಟಿಗೆ ಬಾಗಿಲು ಕಾಯುವ ಕೆಲಸವೇ ಆಗಿತ್ತು. ಜರ್ಮನಿಯ ಫ್ರಾಂಟ್ಸ್ ಬೆಕೆನ್‌ಬೌವರ್ ಅದನ್ನು ತಿರುಗಿಸಿ ಹಾಕಿದರು. ಲಿಬೆರೊ ಯಾರನ್ನೂ ಕಾಯುವುದಿಲ್ಲವಾದರೆ ಅವನನ್ನು ಕಾಯುವವರೂ ಯಾರೂ ಇರುವುದಿಲ್ಲ. ಚೆಂಡು ಸಿಕ್ಕಿದ ಮೇಲೆ ಅವನು ಮುಂದೆ ನಡೆದರೆ ಮಿಡ್‌ಫೀಲ್ಡ್‌ನಲ್ಲಿ ಲೆಕ್ಕಕ್ಕೆ ಸಿಗದ ಒಬ್ಬ ಹೆಚ್ಚಾಗುತ್ತಾನೆ. ಇದಕ್ಕೆ ವೇಗಕ್ಕಿಂತ ಮುಖ್ಯವಾಗಿ ಬೇಕಾದುದು ಎರಡು: ಚೆಂಡು ಎಲ್ಲಿಗೆ ಬರುತ್ತದೆಂದು ಮೊದಲೇ ಗ್ರಹಿಸುವ ಕಣ್ಣು, ಒತ್ತಡದಲ್ಲೂ ಸರಿಯಾದ ಪಾಸ್ ಕೊಡುವ ಕಾಲು. ಮಿಡ್‌ಫೀಲ್ಡ್‌ನಲ್ಲಿ ವರ್ಷಗಟ್ಟಲೆ ಆಡಿ ಬಂದ ಓಲ್ಸೆನ್ ಅವರಲ್ಲಿ ಎರಡೂ ಇದ್ದವು. ಬೇರೆಯವರ ಕಾಲು ಸೋಲುವ ವಯಸ್ಸಿನಲ್ಲಿ ಅವರ ಆಟ ಏರಿದ್ದು ಇದರಿಂದಲೇ.

ಆಂಡರ್ಲೆಕ್ಟ್‌ನಲ್ಲಿ ಅವರು 1981, 1985, 1986ರ ಬೆಲ್ಜಿಯನ್ ಲೀಗ್ ಗೆದ್ದರು. 1982ರಲ್ಲಿ ಕ್ಲಬ್ ಯುರೋಪಿಯನ್ ಕಪ್‌ನ ಸೆಮಿಫೈನಲ್‌ನಲ್ಲಿ ಆಸ್ಟನ್ ವಿಲ್ಲಾಗೆ ಒಂದೇ ಗೋಲಿನಿಂದ ಸೋತಿತು. 1983ರ ಯೂಫಾ ಕಪ್ ಫೈನಲ್‌ನಲ್ಲಿ ಪೋರ್ಚುಗಲ್‌ನ ಬೆನ್ಫಿಕಾ ಎದುರಾಯಿತು. ಬ್ರಸೆಲ್ಸ್‌ನಲ್ಲಿ 1–0 ಗೆಲುವು. ಗೋಲು ಹೊಡೆದವರು ಮತ್ತೊಬ್ಬ ಡೇನ್, ಕೆನ್ನೆತ್ ಬ್ರಿಲೆ. ಲಿಸ್ಬನ್‌ನಲ್ಲಿ 1–1. ಕಪ್ ಆಂಡರ್ಲೆಕ್ಟ್‌ಗೆ ಬಂತು.

ಮರುವರ್ಷದ ಫೈನಲ್ ಓಲ್ಸೆನ್ ಪಾಲಿಗೆ ಕಹಿ. ಟಾಟೆನ್‌ಹ್ಯಾಮ್ ವಿರುದ್ಧ ಬ್ರಸೆಲ್ಸ್‌ನಲ್ಲಿ ತಂಡ ಹಿಂದೆ ಬಿದ್ದಿದ್ದಾಗ, ಆಟ ಮುಗಿಯಲು ಕೆಲವೇ ನಿಮಿಷ ಉಳಿದಿದ್ದಾಗ, ಸಮಬಲದ ಗೋಲು ಹೊಡೆದವರು ಅವರೇ. ಲಂಡನ್ನಿನಲ್ಲಿ ಎರಡನೆಯ ಪಂದ್ಯವೂ 1–1 ಆಗಿ ಪೆನಾಲ್ಟಿಗೆ ಹೋಯಿತು. ಆಂಡರ್ಲೆಕ್ಟ್‌ನ ಮೊದಲ ಪೆನಾಲ್ಟಿ ಒದ್ದವರೂ ಅವರೇ, ಅದನ್ನು ಗೋಲ್‌ಕೀಪರ್ ಟೋನಿ ಪಾರ್ಕ್ಸ್ ತಡೆದರು. ಕಪ್ ಇಂಗ್ಲೆಂಡಿಗೆ ಹೋಯಿತು. ಆ ಫೈನಲ್‌ಗೆ ಆಂಡರ್ಲೆಕ್ಟ್ ತಲುಪಿದ ದಾರಿಯ ಮೇಲೆ ಮುಂದೆ ಮಸಿಯೂ ಬಿತ್ತು. ಸೆಮಿಫೈನಲ್‌ನ ಮೊದಲ ಪಂದ್ಯದಲ್ಲಿ ನಾಟಿಂಗ್‌ಹ್ಯಾಮ್ ಫಾರೆಸ್ಟ್‌ಗೆ 0–2ರಿಂದ ಸೋತಿದ್ದ ಕ್ಲಬ್ ಎರಡನೆಯದನ್ನು 3–0ರಿಂದ ಗೆದ್ದಿತ್ತು. ಆ ಪಂದ್ಯದ ರೆಫರಿಗೆ ಕ್ಲಬ್‌ನ ಅಧ್ಯಕ್ಷರು ಹಣ ಕೊಟ್ಟಿದ್ದರೆಂಬುದು 1997ರಲ್ಲಿ ಬಯಲಾಯಿತು.

ರಾಷ್ಟ್ರೀಯ ತಂಡದ ಕಥೆ ಇದರ ಜೊತೆಜೊತೆಗೇ ಸಾಗಿತು. 1978ರಲ್ಲಿ ಡೆನ್ಮಾರ್ಕ್‌ನಲ್ಲೂ ಸಂಬಳದ ಫುಟ್‌ಬಾಲ್ ಬಂತು, ಬಿಯರ್ ಕಂಪನಿ ಕಾರ್ಲ್ಸ್‌ಬರ್ಗ್ ರಾಷ್ಟ್ರೀಯ ತಂಡದ ಪ್ರಾಯೋಜಕನಾಯಿತು. ಆ ಬಲದಿಂದ 1979ರಲ್ಲಿ ಜರ್ಮನಿಯ ಸೆಪ್ ಪಿಯೊಂಟೆಕ್ ಅವರನ್ನು ಕೋಚ್ ಆಗಿ ತರಲಾಯಿತು. ಹವ್ಯಾಸಿ ಕಾಲದ ಸಡಿಲ ನಡವಳಿಕೆ ಇನ್ನೂ ತಂಡದಲ್ಲಿತ್ತು. ತಡವಾಗಿ ಬಂದವರಿಗೆ ಪಿಯೊಂಟೆಕ್ ದಂಡ ಹಾಕಿದರು. ಅವರು ಕಟ್ಟಿದ ತಂಡದಲ್ಲಿ ಹೆಚ್ಚಿನವರು ಹೊರದೇಶದ ಕ್ಲಬ್‌ಗಳಲ್ಲಿ ಪಳಗಿದವರು: ಪ್ರೆಬೆನ್ ಎಲ್ಕೇರ್, ಸೋರೆನ್ ಲೆರ್ಬಿ, ಫ್ರಾಂಕ್ ಆರ್ನೆಸೆನ್, ಅಲನ್ ಸಿಮೊನ್ಸೆನ್, ಕೊನೆಗೆ ಬಂದ ಹುಡುಗ ಮೈಕೆಲ್ ಲೌಡ್ರುಪ್. ಎಲ್ಲರೂ ಮುಂದೆ ಓಡಲು ತವಕಿಸುವವರೇ. ಸ್ಟಾಪರ್‌ಗಳಾದ ಸೋರೆನ್ ಬುಸ್ಕ್ ಮತ್ತು ಇವಾನ್ ನೀಲ್ಸೆನ್ ಅವರ ನಡುವೆ ನಿಂತ ನಾಯಕ ಓಲ್ಸೆನ್ ಇಲ್ಲದಿದ್ದರೆ ಇವರ ದಾಳಿ ಅರ್ಧಕ್ಕೇ ಕುಸಿಯುತ್ತಿತ್ತು. ಆ ತಂಡವನ್ನು ನೆನೆಯುವವರು ಎಲ್ಕೇರ್ ಮತ್ತು ಲೌಡ್ರುಪ್ ಅವರ ಓಟವನ್ನು ನೆನೆಯುತ್ತಾರೆ. ಆ ಓಟಗಳಲ್ಲಿ ಹಲವು ಓಲ್ಸೆನ್ ಕೊಟ್ಟ ಪಾಸಿನಿಂದ ಶುರುವಾದವು ಎಂಬುದು ಹಿಂದೆ ಸರಿಯುತ್ತದೆ.

1983ರ ಸೆಪ್ಟೆಂಬರ್ 21ರಂದು ಲಂಡನ್ನಿನ ವೆಂಬ್ಲಿಯಲ್ಲಿ ಸಿಮೊನ್ಸೆನ್ ಅವರ ಪೆನಾಲ್ಟಿಯಿಂದ ಡೆನ್ಮಾರ್ಕ್ ಇಂಗ್ಲೆಂಡನ್ನು 1–0ರಿಂದ ಸೋಲಿಸಿತು. 1984ರ ಯುರೋ ಕಪ್ ಅರ್ಹತೆಯ ದಾರಿಯನ್ನು ತೆರೆದದ್ದು ಆ ಗೆಲುವು. 1983ರಲ್ಲಿ ಓಲ್ಸೆನ್ ಡೆನ್ಮಾರ್ಕ್‌ನ ವರ್ಷದ ಆಟಗಾರ; 1986ರಲ್ಲಿ ಮತ್ತೊಮ್ಮೆ. ಫ್ರಾನ್ಸ್‌ನಲ್ಲಿ ನಡೆದ ಯುರೋ ಕಪ್‌ನ ಮೊದಲ ಪಂದ್ಯದಲ್ಲೇ ಸಿಮೊನ್ಸೆನ್ ಕಾಲು ಮುರಿಯಿತು, ಆತಿಥೇಯರ ಎದುರು 0–1 ಸೋಲು. ಆಮೇಲೆ ಯುಗೊಸ್ಲಾವಿಯಾ ವಿರುದ್ಧ 5–0, ಬೆಲ್ಜಿಯಂ ವಿರುದ್ಧ ಎರಡು ಗೋಲು ಹಿಂದೆ ಬಿದ್ದೂ 3–2. ಲಿಯೊನ್‌ನಲ್ಲಿ ಸ್ಪೇನ್ ವಿರುದ್ಧದ ಸೆಮಿಫೈನಲ್ 1–1 ಆಗಿ, ಎಲ್ಕೇರ್ ಅವರ ಪೆನಾಲ್ಟಿ ಗೋಲುಕಂಬದ ಮೇಲಿಂದ ಹಾರಿ, ಡೆನ್ಮಾರ್ಕ್ 4–5ರಿಂದ ಹೊರಬಿತ್ತು.

1986ರ ಮೆಕ್ಸಿಕೊ ವಿಶ್ವಕಪ್ ಡೆನ್ಮಾರ್ಕ್‌ನ ಮೊದಲ ವಿಶ್ವಕಪ್. ಸ್ಕಾಟ್ಲೆಂಡ್ 1–0, ಉರುಗ್ವೆ 6–1, ಪಶ್ಚಿಮ ಜರ್ಮನಿ 2–0. ಈ ಮೂರನೆಯ ಪಂದ್ಯದಲ್ಲಿ ಓಲ್ಸೆನ್ ಅವರ ಲಿಬೆರೊ ಆಟದ ಸಾರವೇ ಒಂದು ಓಟದಲ್ಲಿ ಕಂಡಿತು. ಮೂವತ್ತಾರು ವರ್ಷದ ನಾಯಕ ತನ್ನ ಸಾಲನ್ನು ಬಿಟ್ಟು ಜರ್ಮನಿಯ ಪೆನಾಲ್ಟಿ ಪ್ರದೇಶದೊಳಗೆ ನುಗ್ಗಿದಾಗ, ಅವರನ್ನು ಗಮನಿಸಬೇಕಾದವರು ಯಾರೆಂಬುದೇ ಎದುರಾಳಿಗಳಲ್ಲಿ ತೀರ್ಮಾನವಾಗಿರಲಿಲ್ಲ. ಓಲ್ಸೆನ್ ಅವರನ್ನು ಜರ್ಮನಿಯ ವೋಲ್ಫ್‌ಗಾಂಗ್ ರೋಲ್ಫ್ ಬೀಳಿಸಿದರು. ಸಿಕ್ಕ ಪೆನಾಲ್ಟಿಯನ್ನು ಸಹ ಆಟಗಾರ ಯೆಸ್ಪರ್ ಓಲ್ಸೆನ್ ಗೋಲಾಗಿಸಿದರು. ಎದುರು ತಂಡದ ಕೋಚ್ ಬೆಕೆನ್‌ಬೌವರ್! ತಾವೇ ರೂಪಿಸಿದ ಆಟ ತಮ್ಮ ತಂಡದ ಮೇಲೆ ತಿರುಗಿದ್ದನ್ನು ಅವರು ಅಂಚಿನಲ್ಲಿ ನಿಂತು ನೋಡಬೇಕಾಯಿತು.

ನಂತರದ ಪಂದ್ಯ ಕ್ವೆರೆತಾರೊದಲ್ಲಿ ಮತ್ತೆ ಸ್ಪೇನ್ ಎದುರು. ಡೆನ್ಮಾರ್ಕ್ ಮುಂದಿತ್ತು. ವಿರಾಮಕ್ಕೆ ಸ್ವಲ್ಪ ಮುನ್ನ ಯೆಸ್ಪರ್ ಓಲ್ಸೆನ್ ತಮ್ಮದೇ ಗೋಲಿನ ಮುಂದೆ ಅಡ್ಡಲಾಗಿ ಕೊಟ್ಟ ಪಾಸ್ ನೇರ ಎಮಿಲಿಯೊ ಬುತ್ರಗೇನ್ಯೊ ಕಾಲಿಗೆ ಸಿಕ್ಕಿತು. ಬುತ್ರಗೇನ್ಯೊ ಅಂದು ನಾಲ್ಕು ಗೋಲು ಹೊಡೆದರು, ಸ್ಪೇನ್ 5–1ರಿಂದ ಗೆದ್ದಿತು. ಸಮಬಲವಾದ ಮೇಲೂ ಡೆನ್ಮಾರ್ಕ್ ಮುಂದಕ್ಕೇ ನುಗ್ಗುತ್ತ ಹೋದದ್ದು, ಹಿಂದೆ ಖಾಲಿ ಜಾಗ ಬಿಟ್ಟದ್ದು ಸೋಲಿಗೆ ಆ ಒಂದು ಪಾಸಿಗಿಂತ ದೊಡ್ಡ ಕಾರಣ. ಲಿಬೆರೊ ಮುಂದೆ ಹೋಗುವ ಪದ್ಧತಿಗೆ ತೆರಬೇಕಾದ ಬೆಲೆಯೂ ಇದೇ.

ಅದೇ ವರ್ಷ ಓಲ್ಸೆನ್ ಜರ್ಮನಿಯ ಎಫ್‌ಸಿ ಕೋಲ್ನ್ ಸೇರಿದರು. ಅವರಿದ್ದಾಗ ಕ್ಲಬ್ 1988ರಲ್ಲಿ ಬುಂಡೆಸ್‌ಲೀಗಾದ ಮೂರನೆಯ, 1989ರಲ್ಲಿ ಎರಡನೆಯ ಸ್ಥಾನಕ್ಕೆ ಬಂತು. 1988ರ ಯುರೋ ಕಪ್‌ನಲ್ಲಿ ಡೆನ್ಮಾರ್ಕ್ ಆಡಿದ ಮೂರನ್ನೂ ಸೋತಿತು. ಪಿಯೊಂಟೆಕ್ ಅವರ ತಂಡಕ್ಕೆ ವಯಸ್ಸಾಗಿತ್ತು. 1989ರಲ್ಲಿ, ನಲವತ್ತರ ಹೊಸ್ತಿಲಲ್ಲಿ, ಓಲ್ಸೆನ್ ಆಟದಿಂದ ನಿವೃತ್ತರಾದರು. ಡೆನ್ಮಾರ್ಕ್ ಪರ ನೂರು ಪಂದ್ಯ ದಾಟಿದ ಮೊದಲ ಆಟಗಾರ ಅವರು.

1990ರಲ್ಲಿ ಅವರು ಕೋಚ್ ಆಗಿ ಬ್ರೋಂಡ್‌ಬಿ ಸೇರಿ ಆ ವರ್ಷವೂ ಮರುವರ್ಷವೂ ಡೇನಿಷ್ ಲೀಗ್ ಗೆಲ್ಲಿಸಿದರು. 1991ರಲ್ಲಿ ಬ್ರೋಂಡ್‌ಬಿ ಯೂಫಾ ಕಪ್‌ನ ಸೆಮಿಫೈನಲ್‌ಗೇರಿ ರೋಮಾ ಎದುರು ಕೊನೆ ನಿಮಿಷಗಳ ಗೋಲಿನಿಂದ ಸೋತಿತು. ಆ ತಂಡದ ಗೋಲ್‌ಕೀಪರ್ ಪೀಟರ್ ಶ್ಮೈಕಲ್ 1992ರಲ್ಲಿ ಯುರೋ ಕಪ್ ಗೆದ್ದ ಡೆನ್ಮಾರ್ಕ್ ತಂಡದಲ್ಲಿದ್ದರು. ಬ್ರೋಂಡ್‌ಬಿಯಲ್ಲಿ ಪಳಗಿದ ಲಾರ್ಸ್ ಓಲ್ಸೆನ್ ಆ ತಂಡದ ನಾಯಕ. ಇಷ್ಟಾದರೂ ಮೊರ್ಟೆನ್ ಓಲ್ಸೆನ್ ಅವರನ್ನು ಬ್ರೋಂಡ್‌ಬಿ 1992ರಲ್ಲೇ ಕೈಬಿಟ್ಟಿತು. ಮುಂದೆ ಕೋಲ್ನ್‌ನಲ್ಲಿ ಎರಡು ವರ್ಷ. ಅನಂತರ 1998ರಲ್ಲಿ ಹಾಲೆಂಡಿನ ಅಯಾಕ್ಸ್‌ಗೆ ಲೀಗ್ ಮತ್ತು ಕಪ್ ಎರಡನ್ನೂ ಒಂದೇ ಋತುವಿನಲ್ಲಿ ಗೆದ್ದುಕೊಟ್ಟರು.

2000ದಲ್ಲಿ ರಾಷ್ಟ್ರೀಯ ತಂಡದ ಕೋಚ್ ಆದ ಓಲ್ಸೆನ್ ಹದಿನೈದು ವರ್ಷ ಆ ಹುದ್ದೆಯಲ್ಲಿದ್ದರು. 2002ರ ವಿಶ್ವಕಪ್‌ನಲ್ಲಿ ಡೆನ್ಮಾರ್ಕ್ ಹಾಲಿ ಚಾಂಪಿಯನ್ ಫ್ರಾನ್ಸನ್ನು 2–0ರಿಂದ ಮಣಿಸಿ ಹೊರಗಟ್ಟಿತು, ನಂತರ ಇಂಗ್ಲೆಂಡಿಗೆ ಸೋತಿತು. 2004ರ ಯುರೋ ಕಪ್‌ನಲ್ಲಿ ಕ್ವಾರ್ಟರ್‌ಫೈನಲ್‌ವರೆಗೆ ಹೋಯಿತು. 2010ರ ವಿಶ್ವಕಪ್, 2012ರ ಯುರೋ ಕಪ್ ಎರಡರಲ್ಲೂ ಗುಂಪಿನ ಹಂತ ದಾಟಲಿಲ್ಲ. ಗೋಲ್‌ಕೀಪರ್‌ನಿಂದಲೇ ಪಾಸ್ ಪೋಣಿಸುತ್ತ ಬರಬೇಕೆಂಬ ಅವರ ಹಟವನ್ನು ಸೋತಾಗಲೆಲ್ಲ ಟೀಕಿಸಲಾಯಿತು. ಅವರು ಬದಲಾಗಲಿಲ್ಲ.

ಆ ಹಟ ಫಲ ಕೊಟ್ಟದ್ದು ರಕ್ಷಕರ ಬೆಳೆಯಲ್ಲಿ. ಲಿವರ್‌ಪೂಲ್‌ನಲ್ಲಿ ಎಂಟು ವರ್ಷ ಆಡಿದ ಡ್ಯಾನಿಯಲ್ ಆಗ್ಗರ್ ಚೆಂಡನ್ನು ಕಾಲಲ್ಲಿ ಹಿಡಿದು ಮುಂದೆ ನಡೆಯುವ ಸ್ಟಾಪರ್. 2009ರಲ್ಲಿ ಓಲ್ಸೆನ್ ರಾಷ್ಟ್ರೀಯ ತಂಡಕ್ಕೆ ತಂದ ಸಿಮೊನ್ ಕೇರ್ ಮಿಡ್‌ಟ್ಯುಲ್ಯಾಂಡ್ ಕ್ಲಬ್‌ನ ಅಕಾಡೆಮಿಯಲ್ಲಿ ಬೆಳೆದವರು. ಹತ್ತೊಂಬತ್ತನೆಯ ವಯಸ್ಸಿಗೆ ಇಟಲಿಯ ಪಲೆರ್ಮೊ ಸೇರಿ, ಜರ್ಮನಿ, ಫ್ರಾನ್ಸ್, ಟರ್ಕಿ, ಸ್ಪೇನ್ ಸುತ್ತಿ ಎಸಿ ಮಿಲಾನ್ ತಲುಪಿದರು. ಯೋಹಾನ್ಸೆನ್ ಕಾಲದಲ್ಲಿ ಹೊರಗೆ ಹೋದವನು ದೇಶದ ತಂಡ ಕಳೆದುಕೊಳ್ಳುತ್ತಿದ್ದ. ಕೇರ್ ಕಾಲಕ್ಕೆ ಹೊರಗೆ ಹೋಗಿ ಹೆಸರು ಮಾಡದವನಿಗೆ ದೇಶದ ತಂಡದಲ್ಲಿ ಜಾಗ ಸಿಗುವುದು ಕಷ್ಟವಾಗಿತ್ತು. 2015ರ ನವೆಂಬರ್‌ನಲ್ಲಿ ಯುರೋ ಕಪ್ ಅರ್ಹತೆಯ ಪ್ಲೇಆಫ್‌ನಲ್ಲಿ ಸ್ವೀಡನ್ ಎದುರು ಸೋತ ಮೇಲೆ ಓಲ್ಸೆನ್ ಹುದ್ದೆ ಬಿಟ್ಟರು. ಆಟಗಾರನಾಗಿ ನೂರು, ಕೋಚ್ ಆಗಿ ನೂರು ಅಂತರರಾಷ್ಟ್ರೀಯ ಪಂದ್ಯ ದಾಟಿದ ಮೊದಲಿಗರೆಂಬ ದಾಖಲೆ ಅವರ ಹೆಸರಿನಲ್ಲಿದೆ. ಕೇರ್ ಮುಂದೆ ರಾಷ್ಟ್ರೀಯ ತಂಡದ ನಾಯಕನೂ ಆಗಿ, ಡೆನ್ಮಾರ್ಕ್ ಪರ 132 ಪಂದ್ಯ ಆಡಿ, 2025ರ ಆರಂಭದಲ್ಲಿ ನಿವೃತ್ತರಾದರು.